ಜುಟ್ಟುಕೋಳಿಯ ಏಳು ಮೊಟ್ಟೆ

ಒದ್ದೆ ಉಣ್ಣೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆಯನ್ನು ಸುವಾಸನೆ ಅನ್ನುವ ಹಾಗಿಲ್ಲ. ನೆನೆದ ಕುರಿಮರಿ, ಸಾಬೂನು, ಎಲ್ಲಿ ಸುಟ್ಟುಹೋಗುತ್ತದೋ ಎಂಬ ಸಣ್ಣ ಅಂಜಿಕೆ, ಎಲ್ಲ ಸೇರಿದ ವಾಸನೆ ಅದು. ಅವಳ ಬಾಲ್ಯಕ್ಕೆಲ್ಲ ಆ ವಾಸನೆಯೇ ಹತ್ತಿಕೊಂಡಿತ್ತು. ಅಮ್ಮ ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮಗಳು ಮೇಜಿನ ಕೆಳಗೆ ನುಸುಳಿ, ಮೇಲಿನಿಂದ ಇಳಿಯುವ ಹಬೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ಚಳಿಗಾಲದಲ್ಲಿ ಬೀದಿಯವರೆಲ್ಲರ ತುಟಿ ಒಡೆದು ರಕ್ತ ಬರುತ್ತಿದ್ದರೂ ಅವರಿಬ್ಬರ ತುಟಿ ಮಾತ್ರ ಮೆತ್ತಗಿರುತ್ತಿತ್ತು. "ನಾವು ಮೋಡದೊಳಗೆ ಕೂತು ಕೆಲಸ ಮಾಡೋರು ಕಣೇ, ನಮ್ಮ ತುಟಿ ಯಾಕೆ ಒಡೆಯುತ್ತೆ?" ಅನ್ನುತ್ತಿದ್ದಳು ಅಮ್ಮ.

ಆ ವಾಸನೆ ಮತ್ತೆ ಸಿಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಅದೂ ಕೋಳಿಮರಿಯ ಮೈಯಲ್ಲಿ!

ಈಗ ಅವಳಿಗೆ ಮೂವತ್ತಾರು. ಬೀದಿಯ ತುದಿಯ ಕನ್ನಡಕದ ಅಂಗಡಿಯಲ್ಲಿ ರಿಪೇರಿ ಕೆಲಸ. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಕೈ ಅವಳದು. ಮನೆಯಲ್ಲಿ ಮೂವರು: ಅವಳು, ಬಸ್ಸು ಓಡಿಸುವ ಗಂಡ, ಮತ್ತು ಮಾವ. ಮಾವ ಮೂವತ್ತೆಂಟು ವರ್ಷ ಸಲೂನು ನಡೆಸಿದವರು. ಕೈ ನಡುಗಲು ಶುರುವಾದ ದಿನವೇ ಕತ್ತರಿ ಕೆಳಗಿಟ್ಟು, "ಇನ್ನು ಯಾರ ಕಿವಿಗೂ ನಾನು ಜವಾಬ್ದಾರನಲ್ಲ" ಎಂದು ಮನೆಗೆ ಬಂದಿದ್ದರು.

ಹಿತ್ತಲಲ್ಲಿ ಅವರ ಜುಟ್ಟುಕೋಳಿಗಳಿದ್ದವು. ಎಷ್ಟೋ ವರ್ಷದ ಹಿಂದೆ, ವರ್ಗವಾಗಿ ಹೋಗುತ್ತಿದ್ದ ಗಿರಾಕಿಯೊಬ್ಬ ಒಂದು ಜೋಡಿಯನ್ನು ಬುಟ್ಟಿಯಲ್ಲಿ ತಂದು, "ತಲೆಗೂದಲು ಚೆನ್ನಾಗಿ ನೋಡಿಕೊಳ್ಳೋರು ನೀವೊಬ್ಬರೇ" ಎಂದು ಕೊಟ್ಟು ಹೋಗಿದ್ದ. ಅವುಗಳ ತಲೆಯ ಮೇಲೆ ದೊಡ್ಡ ಸೇವಂತಿಗೆ ಅರಳಿದ ಹಾಗೆ ಜುಟ್ಟು. ಮೈಯೆಲ್ಲ ಹಣ್ಣೆಲೆಯ ಬಣ್ಣ, ಒಂದೊಂದು ಗರಿಯ ಸುತ್ತಲೂ ಕಪ್ಪು ದಾರದಲ್ಲಿ ಅಂಚು ಹೊಲಿದ ಹಾಗೆ ಗೆರೆ. ಬಿಸಿಲಿಗೆ ಬಂದು ನಿಂತರೆ, ಯಾರೋ ಪುಣ್ಯಾತ್ಮರು ಕಣ್ಣು ಹೋಗುವಷ್ಟು ಕೂತು ಹೊಲಿದಿದ್ದಾರೆ ಅನಿಸುತ್ತಿತ್ತು. ಆದರೆ ಆ ಜುಟ್ಟೇ ಕಣ್ಣಿಗೆ ಬಿದ್ದು ಅವಕ್ಕೆ ಸರಿಯಾಗಿ ಏನೂ ಕಾಣುವುದಿಲ್ಲ. ಸದ್ದಿಲ್ಲದೆ ಹತ್ತಿರ ಹೋದರೆ ಎದೆ ಒಡೆದುಕೊಂಡು ಹಾರುತ್ತವೆ. ಅದಕ್ಕೇ ಮಾವ ಗೂಡಿನ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, "ನಾನು, ನಾನು ಬಂದೆ" ಎಂದು ಹೇಳಿಯೇ ಒಳಗೆ ಹೋಗುವರು. ಅಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ ಅಡುಗೆಮನೆಗೆ ಬರುವಾಗಲೂ ಅದೇ ಮಾತು.

"ಗೊತ್ತಾಯ್ತಪ್ಪ, ನೀನೇ ಬಂದೆ, ನಾವೇನು ಹಾರಿಹೋಗಲ್ಲ" ಎಂದು ಮಗ ನಗುತ್ತಿದ್ದ.

ಈ ಜಾತಿ ಸಾಕುವವರು ಮೊದಲು ಒಂದಷ್ಟು ಜನ ಇದ್ದರು. ಮಾವ ಅವರಿಗೆ ಪತ್ರ ಬರೆಯುವರು, ಮೊಟ್ಟೆ ಬದಲಾಯಿಸಿಕೊಳ್ಳುವರು. ಒಬ್ಬೊಬ್ಬರೇ ಬಿಟ್ಟರು. ಕೊನೆಯವನು ಹೋದ ವರ್ಷ, "ನನ್ನದೂ ಮುಗಿಯಿತು, ಇನ್ನು ನೀವೊಬ್ಬರೇ" ಎಂದು ಬರೆದಿದ್ದ. ಈ ವರ್ಷ ಮಾವನ ಬಳಿ ಉಳಿದದ್ದು ಒಂದು ಮುದಿ ಹುಂಜ, ಒಂದು ಹೇಂಟೆ. ಹುಂಜನಿಗೆ ಮನೆಯಲ್ಲಿ 'ಸಾಹೇಬರು' ಎಂದು ಹೆಸರು. ಹೇಂಟೆ ಎಂಟು ಮೊಟ್ಟೆಯಿಟ್ಟು ಒಂದು ಬೆಳಿಗ್ಗೆ ಗೂಡಿನ ಮೂಲೆಯಲ್ಲಿ, ಜುಟ್ಟನ್ನು ರೆಕ್ಕೆಗೆ ಒರಗಿಸಿ ಸತ್ತಿತ್ತು.

ಆ ಎಂಟೇ ಇದ್ದದ್ದು. ಅದರಲ್ಲೂ ಒಂದನ್ನು, ಪೆನ್ಸಿಲಿನಲ್ಲಿ ಗುರುತು ಹಾಕಲು ಎತ್ತಿದಾಗ, ಮಾವನ ಕೈ ಕೆಳಗೆ ಬಿಟ್ಟಿತು. ನೆಲದ ಮೇಲೆ ಹರಡಿದ ಹಳದಿಯನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ಸಿಲನ್ನು ಸೊಸೆಯ ಕೈಗೆ ಕೊಟ್ಟರು.

"ನೀನೇ ಮಾಡಮ್ಮ. ನಾನು ಹೇಳ್ತಾ ಹೋಗ್ತೀನಿ. ಮುಟ್ಟಲ್ಲ."

ಈ ಜಾತಿಯ ಹೇಂಟೆಗಳು ಕಾವಿಗೆ ಕೂರುವುದಿಲ್ಲ. ಅದಕ್ಕೇ ಮಾವ ಸಲೂನಿನ ಹಳೇ ಬೀರುವಿನಿಂದ ಒಂದು ಕಾವುಪೆಟ್ಟಿಗೆ ಮಾಡಿಕೊಂಡಿದ್ದರು. ಒಳಗೊಂದು ಬಲ್ಬು, ಒಂದು ಬಟ್ಟಲು ನೀರು, ಉಷ್ಣಮಾಪಕ, ಮುಂದೆ ಗಾಜಿನ ಬಾಗಿಲು. ಅದನ್ನು ಹಿಂದಿನ ಚಿಕ್ಕ ಕೋಣೆಯಲ್ಲಿ ಇಟ್ಟಿದ್ದರು. ಅವಳು ಏಳು ಮೊಟ್ಟೆಗೂ ಒಂದು ಮಗ್ಗುಲಲ್ಲಿ ಗುಣಿಸು ಚಿಹ್ನೆ, ಇನ್ನೊಂದು ಮಗ್ಗುಲಲ್ಲಿ ಸೊನ್ನೆ ಬರೆದಳು.

"ದಿನಕ್ಕೆ ಮೂರು ಸಲ ಮಗ್ಗುಲು ತಿರುಗಿಸಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಎರಡಲ್ಲ, ನಾಲ್ಕಲ್ಲ, ಮೂರು. ಯಾಕೆ ಹೇಳು?"

"ಯಾಕೆ ಮಾವ?"

"ರಾತ್ರಿ ಉದ್ದ. ಇವತ್ತು ರಾತ್ರಿ ಗುಣಿಸು ಮೇಲಿದ್ರೆ ನಾಳೆ ರಾತ್ರಿ ಸೊನ್ನೆ ಮೇಲಿರಬೇಕು. ಎರಡೋ ನಾಲ್ಕೋ ಅಂತ ಜೋಡಿ ಲೆಕ್ಕ ಆದ್ರೆ ಪ್ರತಿ ರಾತ್ರಿ ಒಂದೇ ಮಗ್ಗುಲಿಗೆ ಮಲಗಿ ಮರಿ ಪೊರೆಗೆ ಅಂಟಿಕೊಳ್ಳುತ್ತೆ. ಹದಿನೆಂಟನೇ ದಿನಕ್ಕೆ ನಿಲ್ಲಿಸೋದು. ಆಮೇಲೆ ಬಾಗಿಲು ತೆಗೆಯೋ ಹಾಗೇ ಇಲ್ಲ. ತಿರುಗಿಸಿದ ಮೇಲೆ ಒಂದು ಸಲ ನೋಡು: ಎಲ್ಲ ಮೊಟ್ಟೇನೂ ಒಂದೇ ಗುರುತು ತೋರಿಸ್ತಿರಬೇಕು. ಅಷ್ಟೇ."

ಅವಳು ಬಾಗಿಲ ಹಿಂದಿನ ಮೊಳೆಗೆ ಒಂದು ರಟ್ಟಿನ ಚೀಟಿ ತೂಗುಹಾಕಿ, ದಾರದಲ್ಲಿ ಪೆನ್ಸಿಲು ಕಟ್ಟಿದಳು. ತಿರುಗಿಸಿದಾಗಲೆಲ್ಲ ಒಂದು ಗೆರೆ ಎಳೆಯುವಳು. ಅಂಗಡಿ ಹತ್ತಿರವೇ ಇದ್ದುದರಿಂದ ಮಧ್ಯಾಹ್ನ ಊಟಕ್ಕೆ ಬಂದಾಗ ಮೊದಲು ಮೊಟ್ಟೆ, ಆಮೇಲೆ ತಟ್ಟೆ.

ಏಳನೆಯ ದಿನ ಸಂಜೆ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡಿದರು. ಕೋಣೆ ಕತ್ತಲು ಮಾಡಿ, ಟಾರ್ಚಿನ ಬಾಯಿಗೆ ರಟ್ಟು ಸುತ್ತಿ, ಅದರ ಮೇಲೆ ಮೊಟ್ಟೆ ಇಟ್ಟಳು. ಒಮ್ಮೆಗೇ ಮೊಟ್ಟೆಯೊಳಗೆ ಸೂರ್ಯ ಹುಟ್ಟಿದ ಹಾಗಾಯಿತು. ಕೆಂಪು ನರಗಳು ಬೇರಿನಂತೆ ಸುತ್ತಲೂ ಇಳಿದಿದ್ದವು. ನಡುವೆ ಒಂದು ಕಪ್ಪು ಚುಕ್ಕಿ. ಆ ಚುಕ್ಕಿ ಅಲುಗಿತು.

"ಮಾವ..."

"ಕಣ್ಣು ಅದು. ಮೊದಲು ಕಣ್ಣೇ ಕಾಣೋದು. ಆಮೇಲೆ ಜುಟ್ಟು ಬಂದು ಅದನ್ನ ಮುಚ್ಚುತ್ತೆ."

"ಅಪ್ಪಾ, ಇದಕ್ಕೂ ಒಂದು ಕನ್ನಡಕ ಬೇಕಾಗುತ್ತಲ್ಲ. ನಿನ್ನ ಸೊಸೆ ಅಂಗಡಿಯಲ್ಲೇ ಹೇಳಿಬಿಡೋಣ" ಎಂದು ಬಾಗಿಲಲ್ಲಿ ನಿಂತಿದ್ದ ಗಂಡ ಅಂದ. ಆದರೆ ಅವನ ದನಿಯೂ ಇಳಿದಿತ್ತು. ಮೂವರೂ ಒಂದು ಲಿಂಬೆಹಣ್ಣಿನಷ್ಟು ಬೆಳಕಿನ ಸುತ್ತ ತಲೆ ಸೇರಿಸಿ ನಿಂತರು. ಏಳರಲ್ಲಿ ಒಂದು ಖಾಲಿ; ಅದನ್ನು ತೆಗೆದಿಟ್ಟರು. ಆರರಲ್ಲಿ ಜೀವ ಇತ್ತು.

ದಿನಗಳು ಉರುಳಿದವು. ಹದಿನೆಂಟನೆಯ ದಿನ ಭಾನುವಾರ. ಅವಳು ಬೆಳಿಗ್ಗೆ ಕೊನೆಯ ಸಲ ತಿರುಗಿಸಿ, ಬಟ್ಟಲಿಗೆ ನೀರು ತುಂಬಿ, ಬಾಗಿಲು ಹಾಕಿ, ಚೀಟಿಯ ಮೇಲೆ 'ನಿಲ್ಲಿಸಿದೆ' ಎಂದು ಬರೆದಳು. ಹೊರಗೆ ಮಾವ ಕಾಫಿ ಕುಡಿಯುತ್ತ ಕೂತಿದ್ದರು. ಮುಖದಲ್ಲಿ ನೆಮ್ಮದಿ.

"ಅಂತೂ ಮುಗೀತು. ನಾಳೆಯಿಂದ ಬೆಳಿಗ್ಗೆ ನನಗೂ ರಜಾ" ಎಂದರು.

"ನಿಮಗ್ಯಾವ ರಜಾ ಮಾವ?"

"ಅದೇ, ಬೆಳಗಿನ ಸರದಿ. ಆವತ್ತೊಂದು ದಿನ ನೀನು ಎದ್ದಿರಲಿಲ್ಲ ನೋಡು, ಆರನೇ ದಿನ ಇರಬೇಕು. ಹಿಂದಿನ ದಿನ ನೀನು ಅಂಗಡಿಯಿಂದ ಕಣ್ಣು ಊದಿಸಿಕೊಂಡು ಬಂದಿದ್ದೆ. ಮಲಗಲಿ ಪಾಪ ಅಂತ ನಾನೇ ತಿರುಗಿಸಿದೆ. ಎತ್ತಲಿಲ್ಲಮ್ಮ, ಹೆದರಬೇಡ, ಅಂಗೈಯಲ್ಲಿ ಉರುಳಿಸಿದೆ ಅಷ್ಟೇ. ಆಮೇಲೆ ದಿನಾ ಐದೂವರೆಗೆ ನಾನೇ..."

ಅವಳು ಚಿಕ್ಕ ಕೋಣೆಯ ಬಾಗಿಲ ಕಡೆ ತಿರುಗಿದಳು.

ಆ ದಿನ ಅವಳು ಏಳಕ್ಕೆ ಎದ್ದಿದ್ದಳು. ತಡವಾಯಿತೆಂದು ಓಡಿ ಬಂದು ಮೊಟ್ಟೆ ತಿರುಗಿಸಿ, ಗೆರೆ ಎಳೆದು, ನಾಚಿಕೆಯಿಂದ ಯಾರಿಗೂ ಹೇಳದೆ ಕೆಲಸಕ್ಕೆ ಹೋಗಿದ್ದಳು. ಆಮೇಲಿನ ಪ್ರತಿ ಬೆಳಿಗ್ಗೆಯೂ, ಮಾವ ಹಿತ್ತಲಲ್ಲಿ ಗೂಡು ಗುಡಿಸುತ್ತಿರುವಾಗ, ತಪ್ಪದೆ ತಿರುಗಿಸಿದ್ದಳು. ಎಲ್ಲ ಮೊಟ್ಟೆಯೂ ಒಂದೇ ಗುರುತು ತೋರಿಸುತ್ತಿದ್ದವು. ಅವಳು ನೋಡಿದ್ದು ಅಷ್ಟೇ, ಅವರು ಹೇಳಿಕೊಟ್ಟಿದ್ದೂ ಅಷ್ಟೇ.

"ಚೀಟಿ... ಚೀಟಿ ನೋಡಲಿಲ್ವಾ ಮಾವ?"

"ಅದನ್ನ ನಾನ್ಯಾಕೆ ನೋಡಲಿ? ಸೊಸೆ ಕೆಲಸ ಮಾಡಿದ್ದಾಳೋ ಇಲ್ಲವೋ ಅಂತ ತನಿಖೆ ಮಾಡಿದ ಹಾಗಾಗಲ್ವಾ?" ಎಂದವರು, ಅವಳ ಮುಖ ನೋಡಿ ಮಾತು ನಿಲ್ಲಿಸಿದರು. ಅವರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಕಾಫಿಯ ಲೋಟ ಕೆಳಗಿಟ್ಟರು.

ಮೂರಲ್ಲ, ನಾಲ್ಕು. ಹನ್ನೆರಡು ರಾತ್ರಿ ಒಂದೇ ಮಗ್ಗುಲು. ಅಷ್ಟೇ ಅಲ್ಲ; ಅವರು ಐದೂವರೆಗೆ ತಿರುಗಿಸಿದ್ದನ್ನು ಅವಳು ಎದ್ದು ಬಂದು ಮತ್ತೆ ಹಿಂದಕ್ಕೆ ತಿರುಗಿಸಿ, ಮಧ್ಯಾಹ್ನದವರೆಗೂ ಅದೇ ಮಗ್ಗುಲಲ್ಲಿ ಬಿಟ್ಟಿದ್ದಳು.

"ಕೋಳಿಗಳ ಹತ್ತಿರ ಹೋಗುವಾಗ ಹೇಳಿ ಹೋಗ್ತೀಯಲ್ಲಪ್ಪ" ಎಂದ ಪಕ್ಕದಲ್ಲೇ ಕೂತಿದ್ದ ಮಗ, ತೀರ ಮೆಲ್ಲಗೆ. ಅಂದವನೇ ನಾಲಿಗೆ ಕಚ್ಚಿಕೊಂಡ. ಮಾವ ಎದ್ದು ಹಿತ್ತಲಿಗೆ ಹೋದರು.

ಅಂದಿನಿಂದ ಅವರು ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಗೂಡಿನ ಎದುರು ಸ್ಟೂಲು ಹಾಕಿಕೊಂಡು ಸಾಹೇಬರನ್ನು ನೋಡುತ್ತ ಕೂರುವರು. "ನಾನು ಬಂದೆ" ಎಂಬ ಮಾತು ಮನೆಯಲ್ಲಿ ಕೇಳಿಸಲಿಲ್ಲ. ಊಟದ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು, "ಸಾಕಮ್ಮ" ಅನ್ನುವರು. ಅವಳಿಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ನಡುಗುವ ಒಂದು ಕೈ ನಸುಕಿನಲ್ಲಿ ಆ ಮೊಟ್ಟೆಗಳನ್ನು, ಅವಳ ನಿದ್ದೆಗೋಸ್ಕರ, ಒಂದೊಂದಾಗಿ ಉರುಳಿಸುತ್ತಿದ್ದುದು ಕಣ್ಣೆದುರು ಬರುತ್ತಿತ್ತು. ಅದರ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು?

ಇಪ್ಪತ್ತೊಂದನೆಯ ದಿನ ಏನೂ ಆಗಲಿಲ್ಲ. ಗಾಜಿಗೆ ಕಿವಿಯಿಟ್ಟು ಕೇಳಿದಳು. ಬಲ್ಬಿನ ಗುಂಯ್ ಬಿಟ್ಟರೆ ಮತ್ತೇನಿಲ್ಲ.

ಇಪ್ಪತ್ತೆರಡನೆಯ ದಿನ ಅವಳು ಅಂಗಡಿಗೆ ರಜೆ ಹೇಳಿದಳು. ಬೆಳಿಗ್ಗೆ ಎಂಟಕ್ಕೆ, ಮೊಟ್ಟೆಯೊಳಗಿಂದ ಯಾರೋ ಮಾತಾಡಿದರು. ಪೀ, ಪೀ ಎಂದು, ಮುಚ್ಚಿದ ಬಾಗಿಲಾಚೆಯಿಂದ 'ಇದ್ದೀರಾ?' ಎಂದು ಕೇಳಿದ ಹಾಗೆ. ನೋಡುನೋಡುತ್ತಿದ್ದಂತೆ ಒಂದು ಮೊಟ್ಟೆಯ ಮೇಲೆ ನಕ್ಷತ್ರದಂಥ ಬಿರುಕು ಮೂಡಿತು. ಕೊಕ್ಕಿನ ತುದಿಯ ಬಿಳಿ ಚುಕ್ಕಿ ಹೊರಬಂತು, ಒಳಗೆ ಹೋಯಿತು, ಸುತ್ತಲೂ ಕೊರೆಯುತ್ತ ಹೋಯಿತು. ಹತ್ತೂವರೆಗೆ ಮೊಟ್ಟೆಯ ತಲೆ ಮುಚ್ಚಳದಂತೆ ಕಳಚಿ, ಒದ್ದೆಯಾದ, ಸೋತ, ಕೆಂಪಗಿನ ಒಂದು ಜೀವ ಹೊರಗೆ ಹೊರಳಿ ಬಿದ್ದು, ಉಸಿರೆಳೆಯಿತು. ಅವಳಿಗೆ ಏಕೋ ಎದ್ದು ನಿಲ್ಲಬೇಕೆನಿಸಿತು. ದೊಡ್ಡವರು ಒಳಗೆ ಬಂದಾಗ ಏಳುತ್ತೇವಲ್ಲ, ಹಾಗೆ. ಎದ್ದು ನಿಂತಳು.

ಎರಡನೆಯ ಮೊಟ್ಟೆಯೂ ಬಿರಿದಿತ್ತು. ಆದರೆ ಬೇಳೆಯಷ್ಟು ತೂತಾಗಿ ಅಲ್ಲಿಗೇ ನಿಂತುಬಿಟ್ಟಿತ್ತು. ತೂತಿನೊಳಗೆ ಪೊರೆ ಬಿಳಿ ಕಾಗದದ ಹಾಗೆ ಒಣಗಿ ಕೊಕ್ಕಿಗೆ ಅಂಟಿತ್ತು. ಒಳಗಿನ ದನಿ ಕ್ಷೀಣವಾಗುತ್ತಿತ್ತು. ಗುರುತು ನೋಡಿದಳು: ಅಂಟಿದ ಮಗ್ಗುಲು ಹನ್ನೆರಡು ರಾತ್ರಿ ಮಲಗಿದ ಮಗ್ಗುಲೇ.

ಅವಳು ಹಿತ್ತಲಿಗೆ ಓಡಿದಳು.

"ಮಾವ, ಒಂದು ಹೊರಗೆ ಬಂತು. ಇನ್ನೊಂದು ಅಂಟಿಕೊಂಡಿದೆ. ಬನ್ನಿ."

ಮಾವ ಏಳಲಿಲ್ಲ. "ಮೊಟ್ಟೆಯಿಂದ ಮರೀನ ನಾವು ತೆಗೆಯಬಾರದಮ್ಮ. ತಾನಾಗಿ ಬರೋದೇ ಬದುಕೋದು. ಇಷ್ಟು ವರ್ಷದಲ್ಲಿ ನಾನು ಒಂದನ್ನೂ ತೆಗೆದಿಲ್ಲ."

"ಅದು ತಾನಾಗಿ ಅಂಟಿಕೊಂಡಿದ್ರೆ ಸರಿ ಮಾವ. ಅಂಟಿಸಿದ್ದು ನಾವು. ನೀವು, ನಾನು, ಇಬ್ರೂ ಸೇರಿ."

ಮಾವ ಅವಳನ್ನು ನೋಡಿದರು. 'ಇಬ್ರೂ' ಎಂಬ ಮಾತು ಅವರ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದ ಹಾಗಿತ್ತು. "ಬಾಗಿಲು ತೆಗೆದರೆ ಒಣಗಾಳಿಗೆ ಪೊರೆ ಇನ್ನೂ ಬಿಗಿಯುತ್ತಲ್ಲ..." ಎನ್ನುತ್ತಲೇ ಎದ್ದರು.

ಒಣಗಾಳಿ. ಒಡೆದ ತುಟಿ. ಅವಳಿಗೆ ಥಟ್ಟನೆ ಅಮ್ಮನ ಮೇಜಿನ ಕೆಳಗಿನ ಮೋಡ ನೆನಪಾಯಿತು.

"ರೀ! ಆ ಉಣ್ಣೆ ಕಂಬಳಿ ನೀರಲ್ಲಿ ಅದ್ದಿ ತನ್ನಿ. ಇಸ್ತ್ರಿಪೆಟ್ಟಿಗೆ ತನ್ನಿ!"

ಮಧ್ಯಾಹ್ನದ ಪಾಳಿಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಗಂಡ ಕಣ್ಣುಕಣ್ಣು ಬಿಟ್ಟ. "ಕೋಳಿಮರಿಗೆ ಇಸ್ತ್ರಿನಾ? ನಿನಗೇನಾದ್ರೂ..."

"ತನ್ನಿ ಅಂದ್ರೆ!"

ಚಿಕ್ಕ ಕೋಣೆಯ ಬಾಗಿಲು ಕಿಟಕಿ ಹಾಕಿ, ನೆಲದ ಮೇಲೆ ಹಲಗೆಯಿಟ್ಟು, ಒದ್ದೆ ಕಂಬಳಿ ಹಾಸಿದರು. ಬಸ್ಸಿನ ಚಾಲಕ ಸಮವಸ್ತ್ರದಲ್ಲಿ ಮೊಣಕಾಲೂರಿ ಕಂಬಳಿ ಇಸ್ತ್ರಿ ಮಾಡತೊಡಗಿದ. ಭುಸ್ ಎಂದು ಹಬೆ ಎದ್ದಿತು. ಗೋಡೆ ಬೆವರಿತು, ಗಾಜು ಮಂಜಾಯಿತು. ಅದೇ ವಾಸನೆ, ನೆನೆದ ಕುರಿಮರಿಯ ವಾಸನೆ, ಕೋಣೆಯ ತುಂಬ. "ಹೊರಗೆ ಯಾರಿಗೂ ಹೇಳಬೇಡಿ ಮತ್ತೆ" ಎಂದು ಗೊಣಗುತ್ತಲೇ ಅವನು ಒಂದು ಕ್ಷಣವೂ ಕೈ ನಿಲ್ಲಿಸಲಿಲ್ಲ.

ಅವಳು ಅಂಗಡಿಯ ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು, ಮೊಟ್ಟೆಯನ್ನು ಬಟ್ಟೆಯ ಗೂಡಲ್ಲಿ ಇಟ್ಟಳು. ಹತ್ತಿಯನ್ನು ಬಿಸಿನೀರಲ್ಲಿ ಅದ್ದಿ ಪೊರೆಗೆ ತಾಗಿಸಿದಳು. ಚಿಮಟದಲ್ಲಿ ಚಿಪ್ಪಿನ ಒಂದು ಚೂರು ತೆಗೆದಳು. ಮಾವ ಅವಳ ಭುಜದ ಹಿಂದೆ ನಿಂತರು.

"ಮೆಲ್ಲಗೆ. ಕೆಂಪು ನರ ಕಾಣುತ್ತಾ?"

"ಒಂದು ಎಳೆ ಇದೆ ಮಾವ."

"ಹಾಗಾದ್ರೆ ನಿಲ್ಲಿಸು. ಅದರ ರಕ್ತ ಇನ್ನೂ ಪೊರೆಯಲ್ಲಿದೆ. ಮರಿ ಅದನ್ನ ವಾಪಸ್ಸು ಎಳೆದುಕೊಳ್ಳಲಿ. ಸ್ವಲ್ಪ ಕಾಯೋಣ."

ಕಾದರು. ಕಂಬಳಿ ಮತ್ತೆ ನೆನೆಯಿತು, ಮತ್ತೆ ಹಬೆಯಾಯಿತು. ಆ ಎಳೆ ಮಸುಕಾಯಿತು, ಆಮೇಲೆ ಕಾಣಲಿಲ್ಲ.

"ಈಗ. ಕಿವಿ ಹತ್ತಿರ ಕೂದಲು ಬಿಡಿಸೋ ಹಾಗೆ. ಎಳೆಯಬೇಡ, ಅದೇ ಬಿಡಬೇಕು" ಎಂದರು ಮೂವತ್ತೆಂಟು ವರ್ಷದ ಸಲೂನಿನ ದನಿಯಲ್ಲಿ.

ಚೂರು ಚೂರಾಗಿ ಚಿಪ್ಪು ಹೋಯಿತು. ಎರಡು ಗಂಟೆಯ ಹೊತ್ತಿಗೆ ಮರಿ ಒಮ್ಮೆ ಕಾಲು ಒದ್ದು, ಉಳಿದದ್ದನ್ನು ತಾನೇ ಕಳಚಿಕೊಂಡು ಅವಳ ಅಂಗೈಗೆ ಬಿತ್ತು.

ಒಂದು ಮಗ್ಗುಲಿನ ತುಪ್ಪಳ ಇನ್ನೂ ಅಂಟಂಟಾಗಿತ್ತು. ತಲೆಯ ಮೇಲೆ ಮಾತ್ರ, ಬಟಾಣಿಯಷ್ಟು ಒಂದು ಉಬ್ಬು.

"ಜುಟ್ಟು ಬರೋ ಜಾಗ. ಅಲ್ಲಿ ತಲೆಬುರುಡೆ ಇನ್ನೂ ಕೂಡಿರಲ್ಲ. ಬೇರೆ ಕೋಳಿಮರಿ ಒಂದೇ ಒಂದು ಸಲ ಕುಕ್ಕಿದ್ರೆ ಮುಗೀತು. ಅದಕ್ಕೇ ಇವನ್ನ ಬೇರೆಯಾಗೇ ಸಾಕೋದು. ಬೆರಳಿಡು. ಒತ್ತಬೇಡ, ಸುಮ್ಮನೆ ಇಡು" ಎಂದರು ಮಾವ.

ಅವಳು ಇಟ್ಟಳು. ಬೆರಳ ತುದಿಯ ಕೆಳಗೆ, ಕೈಗಡಿಯಾರದ ಒಳಗಿನ ಗಾಲಿಗಿಂತ ಸಣ್ಣದೊಂದು ಮಿಡಿತ. ಟಿಕ್ ಟಿಕ್ ಅಲ್ಲ, ಅದಕ್ಕಿಂತ ಬಹಳ ಅವಸರ. ಇಡೀ ಜಾತಿಯೇ, ಹೊಲಿದ ಅಂಚಿನ ಅಷ್ಟೂ ಗರಿಗಳು, ಅಷ್ಟೂ ಸೇವಂತಿಗೆಗಳು, ಎಲ್ಲವೂ ಇನ್ನೂ ಬಾರದೆ ಈ ಉಬ್ಬಿನ ಕೆಳಗೆ ಸಾಲಾಗಿ ಕಾಯುತ್ತ ನಿಂತಿವೆ ಅನಿಸಿತು. ಅವಳು ಮಾವನ ಕೈ ಹಿಡಿದು, ನಡುಗುವ ಆ ತೋರುಬೆರಳನ್ನು ತನ್ನ ಬೆರಳಿದ್ದ ಜಾಗಕ್ಕೆ ತಂದು ಇಟ್ಟಳು. ಮಿಡಿತದ ಮೇಲೆ ನಡುಕ. ಯಾವುದು ಯಾರದೆಂದು ತಿಳಿಯದು. ಗಂಡ ಇಸ್ತ್ರಿಪೆಟ್ಟಿಗೆಯನ್ನು ಮೊದಲ ಬಾರಿಗೆ ಎತ್ತಿ ನಿಲ್ಲಿಸಿದ. ಪಾಳಿಯ ಹೊತ್ತು ಯಾವಾಗಲೋ ಮೀರಿತ್ತು. ಅವನು ಹೊರಗೆ ಹೋಗಿ ಡಿಪೋಗೆ ಫೋನು ಮಾಡಿ, "ಮನೆಯಲ್ಲಿ ಹೆರಿಗೆ" ಎಂದದ್ದು ಗೋಡೆಯಾಚೆ ಕೇಳಿಸಿತು.

ಉಳಿದ ನಾಲ್ಕು ಮೊಟ್ಟೆ ಮಾತಾಡಲಿಲ್ಲ. ಎರಡು ದಿನ ಕಾದು, ಮಾವ ಅವನ್ನು ಹೇಂಟೆಯನ್ನು ಹೂತ ಜಾಗದಲ್ಲೇ ಇಟ್ಟರು.

ಎರಡೂ ಮರಿಗಳನ್ನು ಮರದ ಹೊಟ್ಟು ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ದೀಪದ ಕೆಳಗೆ ಬಿಟ್ಟಿದ್ದರು. ಕುಡಿಯುವಾಗ ಮುಳುಗಬಾರದೆಂದು ನೀರಿನ ತಟ್ಟೆಯಲ್ಲಿ ಗೋಲಿಗಳು. ಒಂದೊಂದರ ಕೊಕ್ಕನ್ನೂ ನೀರಿಗೆ ತಾಗಿಸಿ ಕುಡಿಯಲು ಕಲಿಸಿದ್ದಾಯಿತು. ಮೊದಲನೆಯದು ಓಡಾಡುತ್ತಿತ್ತು. ಅಂಟಿಕೊಂಡಿದ್ದ ಮರಿಗೆ ಮಾತ್ರ ಕಾಲು ಎರಡು ಕಡೆಗೆ ಜಾರುತ್ತಿತ್ತು. ಅವಳು ಮೆತ್ತನೆಯ ಪಟ್ಟಿ ಕತ್ತರಿಸಿ ಎರಡು ಕಾಲನ್ನೂ ಸಣ್ಣ ಅಂತರದಲ್ಲಿ ಕಟ್ಟಿ, ಗಂಟೆಗೊಮ್ಮೆ ಎತ್ತಿ ನಿಲ್ಲಿಸುತ್ತಿದ್ದಳು. ಅದು ಹೆಣ್ಣೋ ಗಂಡೋ ತಿಳಿಯಲು ಇನ್ನೂ ಎಷ್ಟೋ ವಾರ ಬೇಕು. ಹಳೇ ಚೀಟಿಯ ಹಿಂದೆ ಹೊಸ ಮನೆಗಳನ್ನು ಗೀಚಿದ್ದಳು: ನೀರು, ಕಾಳು, ಕಾಲು.

ನಾಲ್ಕನೆಯ ದಿನ, ಮತ್ತೆ ಭಾನುವಾರ, ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಅವಳು ಪೆಟ್ಟಿಗೆಯ ಪಕ್ಕ ಕೂತೇ ಇದ್ದಳು. ಮರಿ ನಿಂತಿತು. ಬಿತ್ತು. ಮತ್ತೆ ನಿಂತಿತು. ದೀಪದ ಬಿಸಿಗೆ ಅದರ ಮೈಯಿಂದ ಕಾದ ಉಣ್ಣೆಯ ವಾಸನೆ ತೆಳ್ಳಗೆ ಬರುತ್ತಿತ್ತು. ತುಪ್ಪಳ ಉಬ್ಬಿ, ತಲೆಯ ಮೇಲೆ ಬಿಳಿ ಟೋಪಿಯಿಟ್ಟ ಹಾಗಾಗಿತ್ತು. ಅದು ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ನೀರಿನ ತಟ್ಟೆಯವರೆಗೂ ಹೋಗಿ, ಗೋಲಿಗಳ ನಡುವೆ ಕೊಕ್ಕಿಟ್ಟು, ತಲೆಯೆತ್ತಿ ನುಂಗಿತು.

ಬಾಗಿಲ ಹೊರಗೆ ಯಾರೋ ಗಂಟಲು ಸರಿಮಾಡಿಕೊಂಡರು.

"ನಾನು, ನಾನು ಬಂದೆ."

ಮಾವ ಒಳಗೆ ಬಂದರು. ಎರಡು ಕೈಯಲ್ಲೂ ಹಿಡಿದ ತಟ್ಟೆ. ಬ್ರೆಡ್ಡು, ಬೇಯಿಸಿದ ತರಕಾರಿ, ಅರ್ಧಕ್ಕೇ ತುಂಬಿಸಿದ ಒಂದು ಬಟ್ಟಲು ಸೂಪು. ಅಡುಗೆಮನೆಯಿಂದ ಇಲ್ಲಿಯವರೆಗೂ ಒಂದು ಹನಿ ಚೆಲ್ಲಿರಲಿಲ್ಲ. ಮರಿಯನ್ನು ನೋಡಿದರು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಬಾಗಿಲ ಹಿಂದಕ್ಕೆ ಹೋದರು. ಚೀಟಿಯನ್ನು ಕಣ್ಣ ಹತ್ತಿರ ತಂದು ಮೇಲಿನಿಂದ ಕೆಳಗಿನವರೆಗೂ ಓದಿದರು. ದಾರದ ಪೆನ್ಸಿಲು ಹಿಡಿದು, ನೀರು, ಕಾಳು, ಕಾಲು ಎಂಬುದರ ಪಕ್ಕದಲ್ಲಿ ಡೊಂಕುಡೊಂಕಾಗಿ 'ಸೊಸೆಯ ಊಟ' ಎಂದು ಬರೆದು, ಅದರ ಮುಂದೆ ಒಂದು ಗೆರೆ ಎಳೆದರು.

ಆಮೇಲೆ ತಟ್ಟೆಯನ್ನು ಎತ್ತಿ, ಅವಳ ಕೈಗೆ ಕೊಟ್ಟರು.